ಮಾತಿಗೆ ಮುಂಚಿನ ಸದ್ದು

ಆಫೀಸಿನಲ್ಲಿ ನನಗೆ ‘ಅತ್ತೆ’ ಎಂದು ಹೆಸರಿಟ್ಟಿದ್ದಾರೆ. ಬೆನ್ನ ಹಿಂದೆ ಇಟ್ಟ ಹೆಸರು. ಆದರೆ ನಮ್ಮಲ್ಲಿ ಗೋಡೆಗಳೆಲ್ಲ ಗಾಜಿನವು, ಹಾಗಾಗಿ ಬೆನ್ನ ಹಿಂದೆ ಅನ್ನುವ ಜಾಗವೇ ಇಲ್ಲ. ನನಗೇನೂ ಬೇಸರವಿಲ್ಲ. ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳನ್ನು ಇನ್ನೇನೆಂದು ಕರೆಯಬೇಕು?

ನನ್ನ ಉಗ್ರಾಣದಲ್ಲಿರುವುದು ಅಕ್ಕಿ ಬೇಳೆಯಲ್ಲ, ಲೈಬ್ರರಿಗಳು. ಪುಸ್ತಕದ ಲೈಬ್ರರಿಯೂ ಅಲ್ಲ. ಯಾರೋ ಎಲ್ಲೋ ಕೂತು ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಬಿಟ್ಟ ಕೋಡು. ನಾವು ತಯಾರಿಸುವುದು ಮಾತಾಡಲಾರದವರ ಪರವಾಗಿ ಮಾತಾಡುವ, ಅಂಗೈಯಗಲದ ಒಂದು ಯಂತ್ರ. ಅಕ್ಷರ ಒತ್ತಿ, ಕೊನೆಗೆ ದೊಡ್ಡ ಗುಂಡಿ ಒತ್ತಿದರೆ ಅದು ಗಟ್ಟಿಯಾಗಿ ಹೇಳುತ್ತದೆ. ಅದರೊಳಗೆ ನಾವೇ ಬರೆದ ಕೋಡು ಕಾಲು ಭಾಗ ಇದ್ದರೆ ಹೆಚ್ಚು. ಪರದೆಯ ಕೆಲಸ ಒಬ್ಬರದು, ಅಕ್ಷರವನ್ನು ದನಿ ಮಾಡುವುದು ಇನ್ನೊಬ್ಬರದು, ಆ ದನಿಯ ತುಣುಕುಗಳನ್ನು ಹಿಂಡಿ ಸಣ್ಣದು ಮಾಡಿ ಇಟ್ಟದ್ದನ್ನು ಬಿಚ್ಚುವುದು ಮತ್ತೊಬ್ಬರದು. ಇವನ್ನೆಲ್ಲ ಹೊರಗಿನಿಂದ ತಂದು, ನಮ್ಮದರ ಜೊತೆ ಸೇರಿಸಿ, ಯಂತ್ರಕ್ಕೆ ಹಾಕುವ ಒಂದೇ ಕಟ್ಟು ಮಾಡುವುದಕ್ಕೆ ಬಿಲ್ಡ್ ಅನ್ನುತ್ತಾರೆ. ಯಾವುದು ಒಳಗೆ ಬರಬೇಕು, ಅದರ ಯಾವ ವರ್ಷನ್ ಬರಬೇಕು, ಯಾವುದು ಹೊಸಿಲು ದಾಟಕೂಡದು ಎಂದು ಹೇಳುವವಳು ನಾನು.

ಕೇಳಲು ಸುಲಭ. ಆದರೆ ಒಂದು ಲೈಬ್ರರಿಯನ್ನು ಕರೆದರೆ ಅದು ತನ್ನ ನೆಂಟರಿಷ್ಟರನ್ನೆಲ್ಲ ಕಟ್ಟಿಕೊಂಡೇ ಬರುತ್ತದೆ. ಪರದೆಯ ಮೇಲೆ ತಾರೀಕು ತೋರಿಸಲು ಪುಟ್ಟದೊಂದು ಬೇಕು ಎಂದು ಯಾರೋ ಕೇಳುತ್ತಾರೆ. ಬಾಗಿಲು ತೆಗೆದು ನೋಡಿದರೆ ಅದರ ಹಿಂದೆ ಸಾಲುಸಾಲು ನಿಂತಿವೆ. ಮೂಗಿಗಿಂತ ಮೂಗುತಿ ಭಾರ. ಬಂದವು ಸುಮ್ಮನಿರುತ್ತವೆಯೇ? ಒಂದಕ್ಕೆ ಇನ್ನಾವುದೋ ಲೈಬ್ರರಿಯ ಹಳೆಯ ವರ್ಷನ್ನೇ ಆಗಬೇಕು, ಪಕ್ಕದ್ದಕ್ಕೆ ಹೊಸದೇ ಆಗಬೇಕು. ಇಬ್ಬರನ್ನೂ ಸಮಾಧಾನ ಮಾಡುವಷ್ಟರಲ್ಲಿ ಸಂಜೆಯಾಗಿರುತ್ತದೆ. ಅದಕ್ಕೇ ಯಾರು ಏನೇ ಹೊಸದು ತಂದರೂ ನಾನು ಕೇಳುವುದು ಒಂದೇ ಪ್ರಶ್ನೆ: “ಇದು ಯಾರಿಗೆ ಬೇಕು?” ‘ಎಲ್ಲರೂ ಬಳಸ್ತಾರೆ ಮೇಡಂ’ ಎಂಬ ಉತ್ತರಕ್ಕೆ ಬಾಗಿಲು ತೆರೆಯುವುದಿಲ್ಲ. ಇಂಥವರಿಗೆ, ಇಂಥ ಕೆಲಸಕ್ಕೆ ಎಂದು ಬಿಡಿಸಿ ಹೇಳಬೇಕು.

ನನ್ನ ಜೊತೆ ಕೆಲಸ ಮಾಡುವವಳಿಗೆ ‘ಸೊಸೆ’ ಎಂಬ ಹೆಸರು ತಾನಾಗಿಯೇ ಬಂತು, ಪಾಪ. ಬ್ಯಾಂಕೊಂದರ ಬಿಲ್ಡ್ ನೋಡಿಕೊಂಡು ಬಂದವಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಬಾಯಿ ಮಾತ್ರ ಸರಿಸಮ. ನಾವಿಬ್ಬರೂ ಮಾಡಿಕೊಂಡ ನಿಯಮವೊಂದಿದೆ. ತಾನು ತಂದದ್ದನ್ನು ತಾನೇ ಒಪ್ಪಿ ಒಳಗೆ ಬಿಟ್ಟುಕೊಳ್ಳುವಂತಿಲ್ಲ. ಅವಳದನ್ನು ನಾನು ನೋಡಬೇಕು, ನನ್ನದನ್ನು ಅವಳು. ನಾನು ತರುವುದೇ ಅಪರೂಪವಾದ್ದರಿಂದ ಈ ನಿಯಮದ ಬಿಸಿ ನನಗೆ ತಟ್ಟಿರಲಿಲ್ಲ.

ದನಿ ಬಿಚ್ಚುವ ಲೈಬ್ರರಿಯಲ್ಲಿ ಒಂದು ತೂತು ಸಿಕ್ಕಿತು. ಅದರ ಮೂಲಕ ಹೊರಗಿನವರು ಯಂತ್ರದೊಳಗೆ ಕೈ ಹಾಕಬಹುದಿತ್ತು. ಬರೆದಾತ ಎಂದೋ ಕೈಬಿಟ್ಟಿದ್ದ, ಸರಿಮಾಡುವವರು ಯಾರೂ ಇರಲಿಲ್ಲ. ವಾರಸುದಾರರಿಲ್ಲದ ಲೈಬ್ರರಿ ನನ್ನ ಉಗ್ರಾಣದಲ್ಲಿ ಇರಕೂಡದೆಂದು ಮೊದಲಿಂದಲೂ ಹಟ ಹಿಡಿದವಳು ನಾನೇ. ಸೊಸೆ ಅದನ್ನು ತೆಗೆದು ಬೇರೊಂದನ್ನು ಕೂರಿಸಿದಳು. ಯಂತ್ರ ಹೇಳುವ ಸಾವಿರಾರು ಪದಗಳನ್ನು ಪರೀಕ್ಷೆಗೆ ಹಚ್ಚಿದೆವು, ಎಲ್ಲದರ ಮುಂದೆಯೂ ಹಸಿರು ದೀಪ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸವಾಯಿತು. ನಾನು ಬಾಯಿಬಿಟ್ಟು ಅವಳನ್ನು ಹೊಗಳಿದೆ. ಅವಳು ಅನುಮಾನದಿಂದ ನನ್ನನ್ನು ನೋಡಿದಳು. ಹೊಸ ಬಿಲ್ಡ್ ಹೊರಟು, ಚಾರ್ಜಿಗೆ ಹಾಕಿದ ಯಂತ್ರಗಳೊಳಗೆಲ್ಲ ತಾನೇ ಹೋಗಿ ಕೂತಿತು. ಆ ಯಂತ್ರಗಳಲ್ಲಿ ಒಂದು ನಮ್ಮ ಭಾವನದು.

ಭಾವ, ಅಂದರೆ ಅಕ್ಕನ ಗಂಡ, ಗಡಿಯಾರ ರಿಪೇರಿ ಮಾಡುವವರು. ಹಿಂದೆ ಅವರು ಮಾತು ಶುರುಮಾಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು ಅಂಗಡಿಯಿಂದಾಚೆ ಬೀದಿಗೂ ಕೇಳುತ್ತಿತ್ತು. ಆಮೇಲೆ ಆ ಗಂಟಲಿಗೇ ಆಪರೇಷನ್ ಆಗಿ ದನಿಪೆಟ್ಟಿಗೆ ತೆಗೆಯಬೇಕಾಯಿತು. ಅಂಗಡಿ ಮುಚ್ಚಿ, ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡರು. ಕೈಗೇನೂ ಆಗಿರಲಿಲ್ಲ, ಮನಸ್ಸಿಗೆ ಆಗಿತ್ತು. ಹೆಚ್ಚುಕಡಿಮೆ ಒಂದು ವರ್ಷ ಅವರು ಯಾರಿಗೂ ಏನನ್ನೂ ಹೇಳಲಿಲ್ಲ. ಬರೆದಾದರೂ ತೋರಿಸಿ ಎಂದರೆ ಪೆನ್ನನ್ನು ಪಕ್ಕಕ್ಕೆ ಸರಿಸುತ್ತಿದ್ದರು. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಪಕ್ಕದ ಮನೆಯಾಕೆ ಸಮಾಧಾನ ಹೇಳಲು ಬಂದಳಂತೆ. “ನಮ್ಮನೇಲಿ ಬಂಗಾರ ತುಂಬಿ ತುಳುಕ್ತಿದೆ, ಬೇಕಾದ್ರೆ ನೀವೊಂದಿಷ್ಟು ತಗೊಂಡ್ಹೋಗಿ” ಅಂದಳಂತೆ ಅಕ್ಕ.

ನಮ್ಮ ಯಂತ್ರವನ್ನು ಅವರಿಗೆ ತಂದುಕೊಟ್ಟವಳು ನಾನು. ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಊಟದ ನಡುವೆ ಎಡಗೈಯಲ್ಲಿ ಅಕ್ಷರ ಒತ್ತಿ ಹೇಳಿಸಿದರು: ‘ಉಪ್ಪು ಕಮ್ಮಿ.’ ಮದುವೆಯಾದಾಗಿನಿಂದ ಆ ಎರಡು ಪದಕ್ಕೇ ಜಗಳ ಕಾಯುತ್ತಿದ್ದ ಅಕ್ಕ ಅವತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಲ್ಲಿಂದ ಮನೆ ಮತ್ತೆ ಮನೆಯಾಯಿತು. “ಮಾತಾಡ್ತಾ ಇರ್ಲಿ, ಇನ್ನೊಂದ್ಸಲ ಬಿಟ್ರೆ ಮತ್ತೆ ಹಿಡಿಯೋದು ಕಷ್ಟ” ಎಂದು ಡಾಕ್ಟರು ಅಕ್ಕನಿಗೆ ಎಚ್ಚರಿಕೆ ಹೇಳಿದ್ದರು. ಅವಳು ಅದನ್ನು ನನಗೆ ಹೇಳಿದ್ದಳು. ನಾನು ತಲೆಯಾಡಿಸಿ ಮರೆತಿದ್ದೆ.

ಹೊಸ ಬಿಲ್ಡ್ ಹೋದ ಒಂದೆರಡು ವಾರಕ್ಕೆ ಅಕ್ಕ ಫೋನ್ ಮಾಡಿದಳು.

“ನಿನ್ನ ಯಂತ್ರ ಕೆಟ್ಟಿದೆ ಕಣೆ. ಮಾತು ಅರ್ಧ ನುಂಗತ್ತೆ.”

ಸಂಜೆ ಹೋಗಿ ನೋಡಿದೆ. ಹತ್ತಾರು ಮಾತು ಒತ್ತಿ ಕೇಳಿದೆ. ಒಂದಕ್ಷರವೂ ಲೋಪವಿಲ್ಲ. ನನ್ನ ಬಿಲ್ಡಿನಲ್ಲಿ ತಪ್ಪು ಹುಡುಕಲು ಬಂದವರ ಮೇಲೆ ನನಗೆ ಬರುವ ಸಿಟ್ಟು ಅಕ್ಕನ ಮೇಲೂ ಬಂತು.

“ಯಂತ್ರ ಸರಿಯಾಗೇ ಇದೆ. ನಿನ್ನ ಕಿವಿ ತೋರಿಸ್ಕೊ.”

“ನನ್ನ ಕಿವಿಗೇನು ಧಾಡಿ? ನೀನು ಚಿಕ್ಕೋಳಿದ್ದಾಗ ತಿಂಡಿ ಡಬ್ಬ ತೆಗೆದ ಸದ್ದು ಹಿತ್ತಲಿಂದ ಕೇಳಿಸ್ಕೊಂಡು ಬಂದು ಹಿಡಿದಿಲ್ವಾ?”

ಅದು ನಿಜ. ಆದರೂ ದನಿ ಒಂದಿಷ್ಟು ಜೋರು ಮಾಡಿಕೊಟ್ಟು ಬಂದೆ. ಭಾವ ತಲೆ ಬಗ್ಗಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚುತ್ತಿದ್ದರು. ನಮ್ಮಿಬ್ಬರ ಜಗಳಕ್ಕೆ ಅವರು ಒಂದು ಮಾತೂ ಸೇರಿಸಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು.

ಮುಂದಿನ ವಾರ ಮತ್ತೆ ಫೋನ್ ಬಂತು. ಈ ಸಲ ಅವಳ ದನಿಯೇ ಇಳಿದಿತ್ತು. ಪಾತ್ರೆ ತೊಳೆಯುವಾಗ ಮುಂದಿನ ಕೋಣೆಯಿಂದ ಯಂತ್ರ ಒಮ್ಮೆಲೇ ಕೂಗಿ, ಇವಳು ಬೆಚ್ಚಿಬಿದ್ದು, ಗಾಜಿನ ಲೋಟ ಒಡೆದು ಬೆರಳು ಕೊಯ್ದುಕೊಂಡಿದ್ದಳು. ಭಾವ ಎದ್ದು ಬಂದು ಬೆರಳಿಗೆ ಬಟ್ಟೆ ಕಟ್ಟಿದರು. ವಾಪಸು ಹೋಗಿ ಯಂತ್ರವನ್ನು ಮೇಜಿನ ಡ್ರಾಯರಿನಲ್ಲಿಟ್ಟು ಮುಚ್ಚಿದರು. ಅವತ್ತಿನಿಂದ ತೆಗೆದಿಲ್ಲ.

“ನಾನೇನೂ ಅನ್ಲಿಲ್ಲ ಕಣೆ. ದಿನಾ ‘ಏನು? ಏನಂದ್ರಿ?’ ಅಂತ ಕೇಳ್ತಿದ್ದೆ ಅಷ್ಟೆ. ಒಂದು ಮಾತನ್ನ ಮೂರ್ಮೂರು ಸಲ ಒತ್ತಿ ಒತ್ತಿ ಸಾಕಾಯ್ತೋ ಏನೋ. ಮತ್ತೆ ಮೊದಲಿನ ಥರ ಆಗೋಗ್ತಾರೆ ನೋಡು.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿ ನಗಿಸಲು ನೋಡಿದೆ. ಜಗಳ ಆಡಿದ್ರೆ ಚೆನ್ನಾಗಿತ್ತು ಅಂದಳು.

ರಜೆಯ ದಿನ ಮಧ್ಯಾಹ್ನವೇ ಹೋದೆ. ಮುಂದಿನ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಗೋಡೆ, ಅದರ ಕೊನೆಯಲ್ಲಿ ಬಾಗಿಲು. ಮೇಜಿನ ಮುಂದೆ ಕೂತವರಿಗೆ ಸಿಂಕಿನ ಮುಂದೆ ನಿಂತವರು ಕಾಣುವುದಿಲ್ಲ. ಅಲ್ಲಿ ನಲ್ಲಿ ಸುರಿಯುತ್ತಿರುತ್ತದೆ, ಹೊಗೆ ಎಳೆಯುವ ಫ್ಯಾನು ಸದಾ ತಿರುಗುತ್ತಿರುತ್ತದೆ. ಭಾವ ನನ್ನನ್ನು ನೋಡಿ ತಲೆಯಾಡಿಸಿದರು. ಡ್ರಾಯರಿನತ್ತ ಕೈ ಹೋಗಲಿಲ್ಲ. ನಾನು ಏನೇನೋ ಕೇಳಿದೆ. ಹೌದು, ಇಲ್ಲ, ಎರಡಕ್ಕೂ ತಲೆಯೇ ಸಾಕಾಗುತ್ತಿತ್ತು. ಮಾತಾಡುವ ಯಂತ್ರ ಮಾಡಿ ಸಂಬಳ ತಗೊಳ್ಳುವವಳಿಗೆ ಆ ಕೋಣೆಯಲ್ಲಿ ಕೂರುವುದು ಕಷ್ಟವಾಯಿತು.

ಗೋಡೆಯ ಮೇಲೆ ರಿಪೇರಿಗೆ ಬಂದ ದೊಡ್ಡದೊಂದು ಗಂಟೆ ಹೊಡೆಯುವ ಗಡಿಯಾರವಿತ್ತು. ಅದು ಒಮ್ಮೆ ‘ಟಕ್’ ಅಂದಿತು.

“ನಾಲ್ಕಾಯ್ತು, ಟೀ ಇಡ್ತೀನಿ” ಎಂದು ಅಕ್ಕ ಒಳಗಿನಿಂದ ಕೂಗಿದಳು.

ನಾಲ್ಕಾಗಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಗಡಿಯಾರ ನಾಲ್ಕು ಹೊಡೆಯಿತು. ನಾನು ಎದ್ದು ಅಡುಗೆಮನೆಗೆ ಹೋದೆ.

“ಹೊಡೆಯೋಕೆ ಮುಂಚೇನೇ ನಿಂಗೆ ಹೇಗೆ ಗೊತ್ತಾಯ್ತು?”

“ಮೊದ್ಲು ಒಂದ್ಸಲ ಟಕ್ ಅನ್ನಲ್ವಾ? ಅದು ಕೇಳಿದ್ರೆ ಕಿವಿ ಅಲ್ಲೇ ಹೋಗಿ ಕೂರತ್ತೆ.” ಅವಳು ಟೀ ಪುಡಿಯ ಡಬ್ಬಕ್ಕೆ ಕೈ ಹಾಕಿದಳು. “ನಿಮ್ಮ ಭಾವಾನೂ ಹಾಗೇ ಇದ್ರಲ್ಲ. ಗಂಟಲು ಸರಿಮಾಡ್ಕೊಳ್ಳೋರು, ನಾನು ನಲ್ಲಿ ನಿಲ್ಲಿಸೋಳು, ಆಮೇಲೆ ಮಾತು.”

“ಅದು ಆಪರೇಷನ್‌ಗೆ ಮುಂಚೆ.”

“ಆಮೇಲೂನೂ. ಈ ಯಂತ್ರ ಬಂದ್ಮೇಲೂ ಸರಿಮಾಡ್ಕೋತಿದ್ರಪ್ಪ. ಈಗ ಸ್ವಲ್ಪ ದಿನದಿಂದ ಬಿಟ್ಟುಬಿಟ್ಟಿದಾರೆ. ಏಕ್‌ದಂ ಮಾತು ಎಸೀತಾರೆ. ನನ್ನ ಮೇಲೆ ಏನೋ ಕೋಪ ಇದೆ, ಬಾಯಿ ಬಿಟ್ಟು ಹೇಳ್ತಿಲ್ಲ.”

ನನಗೆ ನಗು ಬಂತು. “ಅಕ್ಕ, ಯಂತ್ರಕ್ಕೆ ಎಲ್ಲಿದೆ ಗಂಟಲು?”

“ನಂಗೇನು ಗೊತ್ತು? ಖರ್ರ್ ಅನ್ನೋದು, ನಾನು ತಿರುಗೋದು. ಅಷ್ಟು ಗೊತ್ತು.”

ನಗು ಅಲ್ಲಿಗೇ ನಿಂತಿತು. ಟೀ ಕುಡಿಯದೆ ಹೊರಟೆ. ಅಕ್ಕ ಅದಕ್ಕೂ ಬೈದಳು.

ಹಳೆಯ ಬಿಲ್ಡ್‌ಗಳನ್ನು ನಾವು ಎಸೆಯುವುದಿಲ್ಲ. ಮರುದಿನ ಬೆಳಗ್ಗೆ, ಹೊಸ ಲೈಬ್ರರಿ ಕೂರಿಸುವ ಮುಂಚಿನದೊಂದನ್ನು ತೆಗೆದು ಮೇಜಿನ ಮೇಲಿದ್ದ ಯಂತ್ರಕ್ಕೆ ಹಾಕಿದೆ. ‘ಉಪ್ಪು ಕಮ್ಮಿ’ ಎಂದು ಒತ್ತಿದೆ. ಮೊದಲು ಖರ್ರ್ ಎಂದು ಒಂದು ಸದ್ದು, ಆಮೇಲೆ ಮಾತು. ಹೊಸದಕ್ಕೆ ಒತ್ತಿದೆ. ನೇರವಾಗಿ ಮಾತು. ಸೊಸೆಯನ್ನು ಕರೆದು ಎರಡನ್ನೂ ಕೇಳಿಸಿದೆ.

“ಓ, ಅದಾ?” ಅಂದಳು. “ಹಳೇ ಲೈಬ್ರರಿ ಬಿಚ್ಚೋಕೆ ಶುರು ಮಾಡಿದಾಗ ಮೊದ್ಲು ಒಂದಿಷ್ಟು ಕಸ ಉಗುಳ್ತಿತ್ತು ಮೇಡಂ. ಹೊಸದು ಉಗುಳಲ್ಲ. ಒಳ್ಳೇದೇ ಆಯ್ತಲ್ಲ?”

“ಪರೀಕ್ಷೆಲಿ ಯಾಕೆ ಗೊತ್ತಾಗ್ಲಿಲ್ಲ?”

ಇಬ್ಬರೂ ಕೂತು ಹುಡುಕಿದೆವು. ಕೆಲಸ ಬಿಟ್ಟು ಹೋದ ಟೆಸ್ಟರೊಬ್ಬ, ಈ ಸದ್ದಿನ ಕಾಟಕ್ಕೆ ಪರೀಕ್ಷೆಗಳು ಫೇಲಾಗುತ್ತಿವೆಯೆಂದು, ಪ್ರತಿ ದನಿಯ ತಲೆಯನ್ನು ಒಂದಿಷ್ಟು ಕತ್ತರಿಸಿ ಉಳಿದದ್ದನ್ನು ಮಾತ್ರ ಪರೀಕ್ಷಿಸುವಂತೆ ಮಾಡಿಟ್ಟಿದ್ದ. ಅಂದರೆ ಸದ್ದು ಇದ್ದಾಗಲೂ ಹಸಿರು, ಹೋದಾಗಲೂ ಹಸಿರು. ನಾವು ಸಾವಿರಾರು ಪದಗಳನ್ನು ಪರೀಕ್ಷಿಸಿದ್ದೆವು. ಪದಕ್ಕೆ ಮುಂಚೆ ಏನಿತ್ತು ಎಂದು ಯಾರೂ ನೋಡಿರಲಿಲ್ಲ. ಅಲ್ಲಿ ಯಾರೋ ಕಿವಿಯಿಟ್ಟು ಕಾಯುತ್ತಿದ್ದರು.

ಹಳೆಯ ಲೈಬ್ರರಿಯನ್ನು ಮತ್ತೆ ತರುವಂತಿರಲಿಲ್ಲ, ತೂತು ತೂತೇ. ಆದ್ದರಿಂದ ಆ ಖರ್ರ್ ಅನ್ನುವ ಸದ್ದೊಂದನ್ನೇ ಹಳೆಯ ಬಿಲ್ಡಿನಿಂದ ಕತ್ತರಿಸಿ ತೆಗೆದೆ. ಯಂತ್ರ ಮಾತಾಡುವ ಮುಂಚೆ ಅದನ್ನು ನುಡಿಸುವಂತೆ ನಾಲ್ಕು ಸಾಲು ಬರೆದು ಸೊಸೆಯ ಒಪ್ಪಿಗೆಗೆ ಕಳಿಸಿದೆ. ಬಹಳ ದಿನಗಳ ಮೇಲೆ ನಾನು ಉಗ್ರಾಣಕ್ಕೆ ತಂದ ಸಾಮಾನು.

ಅವಳು ತನ್ನ ಕುರ್ಚಿಯನ್ನೇ ಉರುಳಿಸಿಕೊಂಡು ನನ್ನ ಮೇಜಿಗೆ ಬಂದಳು. ಅವಳು ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

“ಇದು ಯಾರಿಗೆ ಬೇಕು ಮೇಡಂ?”

“ನಮ್ಮಕ್ಕನಿಗೆ.”

“ಯಂತ್ರ ಇಟ್ಕೊಂಡಿರೋರು ನಿಮ್ಮ ಭಾವ ಅಲ್ವಾ?”

“ಮಾತಾಡೋರು ಭಾವ. ಕೇಳೋಳು ಅಕ್ಕ.”

ಅವಳು ನಗಲಿಲ್ಲ. “ಒಂದು ಮನೆಗೋಸ್ಕರ ಎಲ್ಲರ ಯಂತ್ರಕ್ಕೂ ಕಸ ಸೇರಿಸ್ಬೇಕಾ? ನಾನು ಹೀಗೆ ತಂದಿದ್ರೆ ನೀವು ಬಿಡ್ತಿದ್ರಾ?”

ಬಿಡುತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಭಾವನ ಯಂತ್ರಕ್ಕೆ ಮಾತ್ರ ಬೇರೆ ಬಿಲ್ಡ್ ಮಾಡಿಕೊಡಿ ಅಂದಳು. ಅದನ್ನು ನಾನೇ ಒಪ್ಪಲಿಲ್ಲ. ಒಂದು ಮನೆಗೊಂದು ಬಿಲ್ಡ್ ಮಾಡುತ್ತ ಹೋದರೆ ನಾಳೆ ಯಾವುದರಲ್ಲಿ ಏನಿದೆಯೆಂದು ದೇವರಿಗೂ ಗೊತ್ತಾಗುವುದಿಲ್ಲ. ಅವಳು ಒಪ್ಪಿಗೆ ಕೊಡಲಿಲ್ಲ. ನಿಯಮದ ಪ್ರಕಾರ ಅದು ಸರಿಯೇ, ಆದರೂ ಅವತ್ತು ಅವಳ ಮೇಲೆ ಕೆಂಡದಂಥ ಕೋಪ ಬಂತು. ಡ್ರಾಯರು ಮುಚ್ಚಿಯೇ ಇತ್ತು. ಒಂದೊಂದು ದಿನ ಹೋದಷ್ಟೂ ಭಾವ ದೂರ ಹೋಗುತ್ತಿದ್ದಾರೆ ಎಂದು ನನಗೆ ಭಯವಾಗಿತ್ತು.

ಮರುದಿನ ಅವಳೇ ಬಂದಳು. ಗ್ರಾಹಕರ ದೂರುಗಳನ್ನು ಕೂತು ಓದಿದ್ದಳು.

“ಹೊಸ ಬಿಲ್ಡ್ ಆದ್ಮೇಲೆ ‘ಶುರುವಿನ ಮಾತು ಕೇಳಿಸ್ತಿಲ್ಲ’ ಅಂತ ತುಂಬ ಜನ ಬರೆದಿದಾರೆ. ಬರೆದಿರೋರು ಯಂತ್ರ ಇಟ್ಕೊಂಡಿರೋರಲ್ಲ. ಹೆಂಡತಿ, ಮಗ, ಅಮ್ಮ, ಇಂಥೋರು. ಎಲ್ಲರಿಗೂ ನಮ್ಮೋರು ‘ವಾಲ್ಯೂಮ್ ಜಾಸ್ತಿ ಮಾಡಿ’ ಅಂತ ಉತ್ತರ ಕೊಟ್ಟು ದೂರು ಮುಚ್ಚಿದಾರೆ.”

“ನಾನೂ ಅದನ್ನೇ ಮಾಡಿ ಬಂದಿದ್ದೆ” ಅಂದೆ.

ಅವಳು ಒಪ್ಪಿಗೆ ಕೊಟ್ಟಳು. ಬೇಡವಾದವರು ಆ ಸದ್ದನ್ನು ನಿಲ್ಲಿಸಿಕೊಳ್ಳುವ ಅನುಕೂಲವನ್ನೂ ಸೇರಿಸಿದಳು. ಅಷ್ಟಕ್ಕೇ ಬಿಡದೆ ನನ್ನ ನಾಲ್ಕು ಸಾಲಿನಲ್ಲಿ ಒಂದು ತಪ್ಪನ್ನೂ ಹಿಡಿದಳು. ಏನೂ ಬರೆಯದೆ ಸುಮ್ಮನೆ ಗುಂಡಿ ಒತ್ತಿದರೂ ಯಂತ್ರ ಖರ್ರ್ ಅನ್ನುತ್ತಿತ್ತು.

“ಮಾತೇ ಇಲ್ದೆ ಬರೀ ಸದ್ದು ಯಾಕೆ? ಸರಿಮಾಡ್ಲಾ?”

ನಾನು ಸ್ವಲ್ಪ ಯೋಚಿಸಿ, ಇರಲಿ ಬಿಡು ಅಂದೆ. ಯಾರಿಗೆ ಬೇಕು ಎಂದು ಅವಳು ಮತ್ತೆ ಕೇಳಲಿಲ್ಲ. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಭಾವನ ಯಂತ್ರ ಡ್ರಾಯರಿನಲ್ಲಿ ಚಾರ್ಜಿಲ್ಲದೆ ಬಿದ್ದಿತ್ತು. ಹಾಗಾಗಿ ಹೊಸ ಬಿಲ್ಡನ್ನು ನಾನೇ ಒಯ್ಯಬೇಕಾಯಿತು. ಡ್ರಾಯರ್ ಎಳೆದು, ಗಡಿಯಾರದ ಪಟ್ಟಿಗಳ ಕೆಳಗಿಂದ ಅದನ್ನು ತೆಗೆದಾಗ ಭಾವ ಬೇಡವೆಂದು ಕೈಯಾಡಿಸಿದರು. ಕಾಣದವಳಂತೆ ತಂತಿ ಚುಚ್ಚಿದೆ. ಅದು ಸಿದ್ಧವಾಗುವ ತನಕ ನನ್ನ ಕೈಗಡಿಯಾರವನ್ನು ಅವರ ಮುಂದಿಟ್ಟು, ದಿನಾ ಹಿಂದೆ ಬೀಳುತ್ತದೆ ಎಂದು ಸುಳ್ಳು ಹೇಳಿದೆ. ಅವರು ಅದನ್ನು ಬಿಚ್ಚಿ ನೋಡಿ, ನನ್ನನ್ನು ನೋಡಿ, ಮತ್ತೆ ಮುಚ್ಚಿ ಕೊಟ್ಟರು.

ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು, ಟೀ ಲೋಟ ತೊಳೆಯುವ ಸದ್ದು. ಅಕ್ಕನಿಗೆ ನಾನು ಏನನ್ನೂ ಹೇಳಿರಲಿಲ್ಲ.

“ಒಂದ್ಸಲ ಗುಂಡಿ ಒತ್ತಿ ಭಾವ. ಏನೂ ಬರೀಬೇಡಿ. ನನ್ನ ಕೆಲಸ ಸರಿಯಾಗಿದೆಯಾ ನೋಡ್ಬೇಕು, ಅಷ್ಟೆ.”

ನನಗೋಸ್ಕರ ಎಂಬಂತೆ ಒತ್ತಿದರು. ಖರ್ರ್ ಅಂದಿತು.

“ಏನ್ರೀ?” ಒಳಗಿನಿಂದ ತಕ್ಷಣ ಬಂತು.

ಭಾವ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. ಬಾಗಿಲ ಕಡೆ ನೋಡಿದರು, ಯಂತ್ರವನ್ನು ನೋಡಿದರು. ಮತ್ತೆ ಒತ್ತಿದರು. ಈ ಸಲ ನಾನು ಹೇಳಿರಲಿಲ್ಲ.

“ಏನ್ರೀ, ಹೇಳಿ, ಕೇಳಿಸ್ಕೋತಿದೀನಿ.”

ಮೂರನೆಯ ಸಲ ಒತ್ತಿದರು. ದನಿಯಿಲ್ಲದ ನಗುವಿಗೆ ಅವರ ಭುಜ ಕುಣಿಯುತ್ತಿತ್ತು. ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಅವರನ್ನು ನೋಡಿದಳು, ಅವರ ಕೈಯಲ್ಲಿದ್ದ ಯಂತ್ರವನ್ನು ನೋಡಿದಳು, ಆಮೇಲೆ ನನ್ನತ್ತ ತಿರುಗಿದಳು.

“ಮನೇಲಿ ಬಂಗಾರದಂಥ ಮೌನ ಇತ್ತು. ಬಂದು ಹಾಳು ಮಾಡಿದ್ಯಲ್ಲೇ” ಅಂದಳು. ಕಣ್ಣು ತುಂಬಿತ್ತು.

ಭಾವ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಖರ್ರ್ ಅಂದಿತು. ಅಕ್ಕ ಕಾದಳು.

‘ಟೀ ಆಮೇಲೆ. ಕೂತ್ಕೋ.’

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅವರು ಮುಂದಿನ ಮಾತಿಗೆ ಅಕ್ಷರ ಹುಡುಕುತ್ತಿದ್ದರು. ಅವಳು ಅವರ ಬೆರಳಿನಿಂದ ಕಣ್ಣು ತೆಗೆಯದೆಯೇ ನನಗೆ ಹೇಳಿದಳು:

“ಅವಸರದಲ್ಲಿ ನಲ್ಲಿ ಹಾಗೇ ಬಿಟ್ಟು ಬಂದ್ನೋ ಏನೋ. ನೋಡೇ.”

ಹೋಗಿ ನೋಡಿದೆ. ನಲ್ಲಿ ಆಗಲೇ ನಿಂತಿತ್ತು.